ಹಳದಿ ಬಳಿದ ಗೈಡು

ಹಲಸೂರಿನ ವೈದ್ಯಕೀಯ ವಿದ್ಯಾರ್ಥಿ ಮುನೀಂದ್ರನಿಗೆ ಗೈಡು ಅಂದರೆ ಪ್ರಾಣ. ಮೆಡಿಸಿನ್ ವಾರ್ಡಿನ ಪೋಸ್ಟಿಂಗ್ ಶುರುವಾಗುವ ಮುಂಚೆಯೇ ಶಿವಾಜಿನಗರದ ಪುಸ್ತಕದಂಗಡಿಗಳನ್ನೆಲ್ಲ ಜಾಲಾಡಿ, ಇದ್ದುದರಲ್ಲಿ ದಪ್ಪನೆಯದನ್ನೇ ತಂದಿದ್ದ. ಮುಖ್ಯವಾದ ಸಾಲುಗಳಿಗೆ ಹಳದಿ ಬಳಿಯುತ್ತ ಹೋದವನಿಗೆ ಯಾವುದನ್ನು ಬಿಡಲೂ ಧೈರ್ಯ ಬರಲಿಲ್ಲ. ಕೊನೆಗೆ ಪುಸ್ತಕ ಅರಿಶಿನ ಹಚ್ಚಿಸಿಕೊಂಡ ಮದುಮಗನಂತಾಯಿತು. 'ಮೊದಲು ರೋಗಿಯ ಹೆಸರು ಕೇಳಿ' ಎಂಬ ಸಾಲೊಂದು ಮಾತ್ರ ಬೆಳ್ಳಗೆ ಉಳಿಯಿತು. ಇದನ್ನೂ ಗೈಡು ಹೇಳಿಕೊಡಬೇಕೇ ಎಂದು ಅವನು ನಕ್ಕಿದ್ದ.

ಮೊದಲ ದಿನ ವಾರ್ಡಿನಲ್ಲಿ ಒಬ್ಬ ಮುದುಕರ ಪಕ್ಕ ನಿಂತು, ಗೈಡಿನಿಂದ ತಲೆಯೆತ್ತದೆ ಕೆಮ್ಮು, ಕಫ, ಜ್ವರ, ಬೀಡಿ ಎಲ್ಲವನ್ನೂ ಕೇಳಿದ. ರೌಂಡ್ಸಿಗೆ ಬಂದ ಪ್ರೊಫೆಸರಿಗೆ ಅಷ್ಟನ್ನೂ ಗಿಳಿಪಾಠದಂತೆ ಒಪ್ಪಿಸಿದ.

"ಸರಿ, ಇವರ ಹೆಸರೇನಪ್ಪ?" ಎಂದರು ಅವರು.

ಮುನೀಂದ್ರ ಹಳದಿ ಹಾಳೆಗಳನ್ನು ತಿರುವತೊಡಗಿದ. ನೋಡಲಾಗದೆ ಮುದುಕರೇ ಬಾಯಿಬಿಟ್ಟರು.

"ನನ್ ಹೆಸ್ರು ಆಮೇಲಾಗ್ಲಿ ಬಿಡಿ ಸಾರ್. ಇವ್ನು ಮುನೀಂದ್ರ ಅಂತ, ನಮ್ ಪಕ್ಕದ್ಮನೆ ಮುನಿಗಂಗಮ್ಮನ ಮೊಮ್ಮಗ. ಯಾವಾಗ ತಲೆ ಎತ್ತಿ ನೋಡ್ತಾನೋ ಅಂತ ಆಗ್ಲಿಂದ ಕಾಯ್ತಾ ಇದೀನಿ."

ಆ ಸಂಜೆ ಮುನೀಂದ್ರ ಉಳಿದಿದ್ದ ಆ ಸಾಲಿಗೂ ಹಳದಿ ಬಳಿದ. ಈಗ ಜೂನಿಯರ್‌ಗಳಿಗೆ ಈ ಕತೆ ಹೇಳಿ, ಸಾಲು ತೋರಿಸೋಣವೆಂದು ಪುಸ್ತಕ ತೆರೆದರೆ, ಅದು ಎಲ್ಲಿದೆಯೆಂದು ಅವನಿಗೇ ಗೊತ್ತಾಗುವುದಿಲ್ಲ.