ಅಂಚು ಮುರಿದ ಬಿಲ್ಲೆ

ಸಂಸತ್ತಿನ ಕಟ್ಟಡವನ್ನು ಹೊರಗಿನಿಂದ ನೋಡುವವರು ಕಂಬ, ಗುಮ್ಮಟ, ಬಾವುಟ ನೋಡಿ ಕತ್ತು ನೋಯಿಸಿಕೊಂಡು ಹೋಗುತ್ತಾರೆ. ಹಿಂಬದಿಯಲ್ಲಿ, ಕ್ಯಾಂಟೀನಿನವರು ಪಾತ್ರೆ ತೊಳೆಯುವ ಕಟ್ಟೆಯ ಪಕ್ಕ ಒಂದು ಉದ್ದನೆಯ ಕೋಣೆಯಿದೆ. ಅದಕ್ಕೊಂದು ಕಿಟಕಿ, ಕಿಟಕಿಗೊಂದು ಹಲಗೆ, ಹಲಗೆಯ ಹಿಂದೆ ನೋಟೀಸಪ್ಪ. ಒಳಗೆ ಮೈಕಿನ ಮುಂದೆ ಎಷ್ಟೇ ಗುಡುಗುವ ಸದಸ್ಯನಿರಲಿ, ಮಸೂದೆಯನ್ನೋ ನಿರ್ಣಯವನ್ನೋ ತರಬೇಕೆಂದರೆ ಮೊದಲು ಇಲ್ಲಿಗೆ ಬಂದು 'ಇಂಥದ್ದೊಂದು ತರುವವನಿದ್ದೇನೆ' ಎಂದು ಬರೆದ ನೋಟೀಸನ್ನು ಒಳಗೆ ತಳ್ಳಬೇಕು. ಕಿಟಕಿ ತೀರಾ ತಗ್ಗಿನಲ್ಲಿತ್ತು, ಬಗ್ಗದೆ ಗತಿಯಿರಲಿಲ್ಲ. ಅದನ್ನು ಕಟ್ಟಿಸಿದವನಿಗೆ ಬುದ್ಧಿಯಿತ್ತು ಅನ್ನಬೇಕು.

ನೋಟೀಸಪ್ಪನಿಗೆ ಹೆತ್ತವರಿಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದನ್ನು ಯಾರೂ ಬಳಸಿ ಸವೆಸಲಿಲ್ಲ. ಇಪ್ಪತ್ತರ ಹರೆಯದಲ್ಲಿ ಆ ಕುರ್ಚಿಯಲ್ಲಿ ಕೂತವನ ತಲೆ ಅಲ್ಲೇ ನೆರೆಯಿತು. ಅವನಿಗೆ ಮದುವೆಯಾಗಲಿಲ್ಲ. ಸಂಸತ್ತನ್ನೇ ಕಟ್ಟಿಕೊಂಡಿದ್ದಾನೆ ಎಂದು ಕ್ಯಾಂಟೀನಿನವರು ಆಡಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಹಲ್ಲುಗಿಂಜಿ ನಿಂತ ಎಷ್ಟೋ ಸದಸ್ಯರು 'ನಮ್ಮದನ್ನು ಸ್ವಲ್ಪ ಮುಂದಕ್ಕಿಡಿ' ಎಂದು ಕೇಳಿದ್ದುಂಟು. ಅವನು ಸೊಪ್ಪು ಹಾಕಿದವನಲ್ಲ. ಒಬ್ಬರಿಂದ ಒಂದು ಲೋಟ ಟೀ ಕೂಡ ಕುಡಿಯಲಿಲ್ಲ. ಆ ನೆಟ್ಟಗಿನ ಬೆನ್ನಿನ ಬಗ್ಗೆ ಅವನಿಗೆ ಒಳಗೊಳಗೇ ಜಂಬವಿತ್ತು. ಆ ಜಂಬವೇ ಅವನನ್ನು ತಿಂದದ್ದು, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಮಂತ್ರಿಗಳ ಮಸೂದೆಗೆ ವಾರವಿಡೀ ಹೊತ್ತು ಸಿಗುತ್ತದೆ. ಮಂತ್ರಿಯಾಗದ ಸದಸ್ಯರ ಪಾಲಿಗೆ ಶುಕ್ರವಾರದ ಮಧ್ಯಾಹ್ನ ಮಾತ್ರ, ಅದರಲ್ಲಿ ಒಂದು ಮಸೂದೆಯ ಚರ್ಚೆ ಮುಗಿದರೆ ಪುಣ್ಯ. ನೋಟೀಸುಗಳೋ ರಾಶಿ ಬೀಳುತ್ತಿದ್ದವು. ಒಬ್ಬ ಸದಸ್ಯನಂತೂ ತನ್ನೂರಿನಲ್ಲಿ ರೈಲು ನಿಲ್ಲಲೇಬೇಕು ಎಂಬ ಮಸೂದೆಯನ್ನು ಪ್ರತಿ ಅಧಿವೇಶನಕ್ಕೂ ತಪ್ಪದೆ ತಂದುಕೊಡುತ್ತಿದ್ದ, ರೈಲು ಮಾತ್ರ ತಪ್ಪದೆ ನಿಲ್ಲದೇ ಹೋಗುತ್ತಿತ್ತು. ಯಾರದು ಮೊದಲು ಎಂಬ ಜಗಳಕ್ಕೆ ಹಳಬರು ಒಂದು ಉಪಾಯ ಮಾಡಿಟ್ಟಿದ್ದರು. ಬಂದ ಸರದಿಯಂತೆ ಪ್ರತಿ ನೋಟೀಸಿಗೂ ಒಂದು ಸಂಖ್ಯೆ, ಆ ಸಂಖ್ಯೆಯ ಮರದ ಬಿಲ್ಲೆಯನ್ನು ತಗಡಿನ ಡಬ್ಬಿಗೆ ಹಾಕಿ ತಿರುಗಿಸುವುದು, ಕಚೇರಿಯ ಮೇಲಧಿಕಾರಿಯ ಎದುರು ಒಂದೊಂದಾಗಿ ಎತ್ತುವುದು. ಎತ್ತುವ ಕೈ ನೋಟೀಸಪ್ಪನದು. ಆ ಕೈಯ ಕಡೆಗೆ ಯಾರೂ ಬೆರಳು ತೋರಿಸಿದ್ದಿಲ್ಲ.

ಬಿಲ್ಲೆಗಳಲ್ಲಿ ಒಂದಕ್ಕೆ, ಹದಿನೇಳನೆಯದಕ್ಕೆ, ಅಂಚು ಚೂರು ಹಾರಿತ್ತು. ಯಾವಾಗಲೋ ನೆಲಕ್ಕೆ ಬಿದ್ದದ್ದು. ಡಬ್ಬಿಯೊಳಗೆ ಕೈ ಹೋದರೆ ಅದು ಬೆರಳಿಗೆ ಗೊತ್ತಾಗುತ್ತಿತ್ತು. ಗೊತ್ತಾದ ಕೂಡಲೇ ನೋಟೀಸಪ್ಪ ಮಣಿಕಟ್ಟಿನಿಂದ ಎಲ್ಲವನ್ನೂ ಮತ್ತೊಮ್ಮೆ ಕಲಕಿ, ಮೇಲೆ ಬಂದದ್ದನ್ನು ಎತ್ತುತ್ತಿದ್ದ. ಬೇರೆ ಬಿಲ್ಲೆ ಮಾಡಿಸಿ ಎಂದು ಅಧಿಕಾರಿಗೆ ಒಂದು ಮಾತು ಹೇಳಬಹುದಿತ್ತು. ನನ್ನ ಕೈ ನನ್ನ ಮಾತು ಕೇಳುತ್ತದೆ, ಅದಕ್ಕೇಕೆ ಹೊಸ ಬಿಲ್ಲೆ ಎಂದುಕೊಂಡು ಸುಮ್ಮನಿದ್ದ.

ಅವನಿಗಿದ್ದದ್ದು ಒಬ್ಬಳೇ ತಂಗಿ. ಗಂಡನನ್ನು ಬೇಗ ಕಳೆದುಕೊಂಡು, ಹೊಲಿಗೆ ಯಂತ್ರ ತುಳಿದು ಒಬ್ಬ ಮಗಳನ್ನು ಬೆಳೆಸಿದವಳು. ಎರಡು ಬೀದಿ ಆಚೆಗೆ, ಮಹಡಿಯ ಮೇಲೆ ಒಂದೂವರೆ ಕೋಣೆಯ ಮನೆ. ನೋಟೀಸಪ್ಪನ ರಾತ್ರಿಯೂಟ ಅಲ್ಲೇ. ಆ ಹುಡುಗಿ ಬಾಯಿ ಬಡುಕಿ, ಸೋದರಮಾವನನ್ನು ಗೋಳು ಹುಯ್ದುಕೊಳ್ಳುವುದೆಂದರೆ ಅವಳಿಗೆ ಹಬ್ಬ. ಏನು ಕೇಳಬೇಕಾದರೂ ಚೀಟಿ ಬರೆದು ಅವನ ತಟ್ಟೆಯ ಕೆಳಗೆ ತಳ್ಳುತ್ತಿದ್ದಳು. 'ಮಾನ್ಯ ಮಾವನವರ ಗಮನಕ್ಕೆ, ಈ ಸದಸ್ಯೆಗೆ ಹೊಸ ಚಪ್ಪಲಿ ಬೇಕಾಗಿದೆ.' ಕೊನೆಯ ಚೀಟಿಯಲ್ಲಿ, ತಾನು ಶೈತ್ಯಾಗಾರದಲ್ಲಿ ಕೆಲಸಕ್ಕೆ ಸೇರುವುದಾಗಿ ಬರೆದಿದ್ದಳು. ತರಕಾರಿ, ಹಣ್ಣು ವಿಂಗಡಿಸಿ ಪೆಟ್ಟಿಗೆಗೆ ತುಂಬುವ ಕೆಲಸ. ನೋಟೀಸಪ್ಪ 'ಅಂಗೀಕಾರವಾಗಿದೆ' ಎಂದು ಬರೆದು ಸಹಿ ಹಾಕಿ ಕೊಟ್ಟ.

ಮಾಲು ಕಳುವಾಗುತ್ತದೆಂದು ಆ ಶೈತ್ಯಾಗಾರದ ಮಾಲೀಕ ಕೆಲಸದವರನ್ನು ಒಳಗೆ ಬಿಟ್ಟು ಶಟರಿಗೆ ಹೊರಗಿನಿಂದ ಬೀಗ ಹಾಕಿಸುತ್ತಿದ್ದ. ಒಂದು ಮುಂಜಾನೆ ತಂಪಿನ ಯಂತ್ರದ ಕೊಳವೆ ಒಡೆದು ಗ್ಯಾಸು ತುಂಬಿತು. ಬೀಗದಕೈ ಇದ್ದವನು ಟೀ ಕುಡಿಯಲು ಹೋಗಿದ್ದ. ಅವನು ಓಡಿಬಂದು ಶಟರು ಎತ್ತುವಷ್ಟರಲ್ಲಿ ಒಳಗಿದ್ದ ಹೆಂಗಸರಲ್ಲಿ ಒಬ್ಬಳಿಗೂ ಉಸಿರಿರಲಿಲ್ಲ. ಶಟರು ಬಡಿದ ಮಗಳ ಅಂಗೈಗಳನ್ನು ನೋಡಬೇಡಿ ಎಂದು ಆಸ್ಪತ್ರೆಯವರು ತಂಗಿಗೆ ಹೇಳಿದರು. ಅವಳು ನೋಡಿದಳು. ಅಂದಿನಿಂದ ಅವಳ ಮನೆಯ ಬಾಗಿಲಿಗೆ ಚಿಲಕ ಬೀಳಲಿಲ್ಲ. ಹಗಲು, ರಾತ್ರಿ, ಚಳಿ, ಗಾಳಿ ಏನೇ ಇರಲಿ ಬಾಗಿಲು ತೆರೆದೇ ಇರುತ್ತಿತ್ತು. ಕಳ್ಳರು ಬಂದಾರು ಎಂದು ನೆರೆಯವರು ಹೇಳಿದರೆ, ಬರಲಿ ಬಿಡಿ, ಹೋಗೋಕೂ ದಾರಿ ಇರುತ್ತೆ ಅನ್ನುತ್ತಿದ್ದಳು.

ಮಾಲೀಕ ಜಾಮೀನಿನ ಮೇಲೆ ಹೊರಬಂದ. ಹೊರಗಿನಿಂದ ಬೀಗ ಹಾಕಬಾರದೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ ಎಂದು ಅವನ ವಕೀಲ ವಾದಿಸಿದ. ಹುಡುಕಿದರೆ ನಿಜಕ್ಕೂ ಎಲ್ಲೂ ಬರೆದಿರಲಿಲ್ಲ. ಆಗ ಸತ್ತವರ ತಾಯಂದಿರ ಮಾತಿಗೆ ಕಿವಿಗೊಟ್ಟವರು ಮೇಷ್ಟ್ರು ಒಬ್ಬರೇ. ಶಾಲೆಯಲ್ಲಿ ಪಾಠ ಹೇಳಿ, ಮುದಿವಯಸ್ಸಿನಲ್ಲಿ ಸಂಸತ್ತಿಗೆ ಬಂದ ಸದಸ್ಯರು, ಊರುಗೋಲಿಲ್ಲದೆ ಹತ್ತು ಹೆಜ್ಜೆ ಇಡಲಾರರು. ಅವರ ಮಸೂದೆ ಒಂದೇ ಸಾಲಿನದು. ಒಳಗೆ ಜನರಿರುವಾಗ ಕೆಲಸದ ಜಾಗದ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದರೆ ಜೈಲು. ಇದಕ್ಕೆ ಎದ್ದು ನಿಂತು ಬೇಡವೆನ್ನುವ ಧೈರ್ಯ ಯಾವ ಪಕ್ಷಕ್ಕೂ ಇರುವುದಿಲ್ಲ, ಒಮ್ಮೆ ಸಭೆಯ ಮುಂದೆ ಬಂದರೆ ಸಾಕು ಎಂದು ಅವರು ತಾಯಂದಿರಿಗೆ ಹೇಳಿದ್ದರು. ಬರಬೇಕಾದದ್ದು ಈ ಅಧಿವೇಶನದಲ್ಲೇ. ಇದು ಮುಗಿದರೆ ಚುನಾವಣೆ, ಬಾಕಿಯಿದ್ದ ನೋಟೀಸುಗಳೆಲ್ಲ ಕಸದ ಬುಟ್ಟಿಗೆ.

ಮೇಷ್ಟ್ರು ಕಿಟಕಿಗೆ ಬಗ್ಗಿ ನೋಟೀಸು ಕೊಟ್ಟಾಗ ಸರದಿ ಪ್ರಕಾರ ಅದಕ್ಕೆ ಬಿದ್ದ ಸಂಖ್ಯೆ ಹದಿನೇಳು.

ಅಂದು ರಾತ್ರಿ ಊಟಕ್ಕೆ ಕೂತಾಗ ತಂಗಿ ಕೇಳಿದಳು, ನಮ್ಮದು ಬರುತ್ತಾ ಅಂತ. ತುಂಬಾ ನೋಟೀಸುಗಳಿವೆ, ಯಾವುದು ಮೇಲೆ ಬರುತ್ತದೋ ಹೇಳಲಾಗುವುದಿಲ್ಲ ಎಂದು ಅವನು ತಟ್ಟೆ ನೋಡುತ್ತ ಹೇಳಿದ.

"ಎತ್ತೋದು ನೀನೇ ಅಲ್ವಾ ಅಣ್ಣ?" ಅಂದಳು ತಂಗಿ. ಅಷ್ಟೇ. ಆಮೇಲೆ ಆ ವಿಷಯವನ್ನೇ ಅವಳು ಎತ್ತಲಿಲ್ಲ.

ಬಿಲ್ಲೆ ಎತ್ತುವ ದಿನ ಅಧಿಕಾರಿ ಆಕಳಿಸುತ್ತ ಕೂತಿದ್ದರು. ಇಬ್ಬರು ಸದಸ್ಯರು ಕಾಟಾಚಾರಕ್ಕೆ ನಿಂತಿದ್ದರು. ನೋಟೀಸಪ್ಪ ಕೈ ಹಾಕಿದ. ಮುರಿದ ಅಂಚು ಬೆರಳಿಗೆ ತಾಗಿತು. ಮಣಿಕಟ್ಟು ಕಲಕಲು ಹೊರಟು ನಿಂತುಬಿಟ್ಟಿತು. ಅವನು ಅದನ್ನೇ ಎತ್ತಿದ. ಹದಿನೇಳು ಎಂದು ಕೂಗಿದ ದನಿ ತನ್ನದೇ ಎಂದು ಅವನಿಗೆ ಅನ್ನಿಸಲಿಲ್ಲ. ಯಾರಿಗೂ ಎಳ್ಳಷ್ಟೂ ಅನುಮಾನ ಬರಲಿಲ್ಲ. ಎರಡನೆಯದಾಗಿ ಬಂದದ್ದು ರೈಲಿನವನ ಮಸೂದೆ.

ಇಲ್ಲಿಗೆ ನಿಂತಿದ್ದರೆ ನಾನು ಅವನನ್ನು ಮೆಚ್ಚಿಕೊಳ್ಳುತ್ತಿದ್ದೆನೇನೋ. ಮುಂದಿನದನ್ನು ಮೆಚ್ಚಲಾರೆ.

ಸಭೆಯಲ್ಲಿ ಹೆಸರು ಕರೆದಾಗ ಸದಸ್ಯ ತನ್ನ ಜಾಗದಲ್ಲಿರದಿದ್ದರೆ ಮಸೂದೆ ಬಿದ್ದುಹೋಗುತ್ತದೆ. ಅದೇ ವಿಷಯವನ್ನು ಆ ಅಧಿವೇಶನದಲ್ಲಿ ಮತ್ತೆ ತರುವಂತಿಲ್ಲ. ಇದಕ್ಕೆ ಪರಿಹಾರವೂ ಇತ್ತು. ನಾನಿಲ್ಲದಿದ್ದರೆ ನನ್ನ ಪರವಾಗಿ ಇಂಥವರು ಎದ್ದು ನಿಲ್ಲುತ್ತಾರೆ ಎಂದು ಇನ್ನೊಬ್ಬ ಸದಸ್ಯನ ಹೆಸರು ಬರೆದುಕೊಟ್ಟರಾಯಿತು. ಹೆಚ್ಚಿನವರಿಗೆ ಈ ನಿಯಮ ಗೊತ್ತೇ ಇರಲಿಲ್ಲ. ಅದಕ್ಕೇ ನೋಟೀಸಪ್ಪ ಮೊದಲ ಸ್ಥಾನ ಸಿಕ್ಕಿದ ಎಲ್ಲರಿಗೂ ಕಿಟಕಿಯಿಂದಲೇ ಹೇಳುತ್ತಿದ್ದ: 'ಸಾರ್, ಜೊತೆಗೊಂದು ಹೆಸರು ಬರೆದುಕೊಡಿ.' ತನಗೆ ಕಂಡರಾಗದವರಿಗೂ ಹೇಳುತ್ತಿದ್ದ, ಅದು ಅವನ ವ್ರತವಿದ್ದಂತೆ.

ಮೇಷ್ಟ್ರು ಸುದ್ದಿ ತಿಳಿದು ಬಂದವರು ಕಿಟಕಿಯೊಳಗೆ ಕೈ ತೂರಿಸಿ ಅವನ ಕೈ ಹಿಡಿದು, ನಿಮ್ಮ ಕೈಗುಣ ಒಳ್ಳೆಯದು ನೋಟೀಸಪ್ಪನವರೇ ಎಂದರು. ಕದ್ದ ಕೈಯನ್ನು ಹಾಗೆ ಹೊಗಳಿದರೆ ಯಾರಿಗೆ ತಡೆದೀತು? ಪಕ್ಕದಲ್ಲೇ ಅಧಿಕಾರಿ ಕೂತಿದ್ದರು. ಸತ್ತವಳು ನೋಟೀಸಪ್ಪನ ತಂಗಿಯ ಮಗಳೆಂದು ಅವರಿಗೆ ಗೊತ್ತಿತ್ತು. ಒಂದು ಮಾತು ಹೆಚ್ಚು ಆಡಿದರೆ, ಇವನಿಗೇಕೆ ಇಷ್ಟು ಆಸಕ್ತಿ ಎಂದು ಅವರು ತಲೆಯೆತ್ತಿ ನೋಡಿಯಾರು ಎಂದು ಅವನಿಗೆ ಭಯವಾಯಿತು. ಜೊತೆಗೊಂದು ಹೆಸರಿನ ಮಾತನ್ನು ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಬಂತು, ಮೇಷ್ಟ್ರು ಮೊಗಸಾಲೆಯಲ್ಲಿ ಎದುರಿಗೇ ಬಂದರು, ಅವನು ಪಕ್ಕದ ಕೋಣೆಗೆ ನುಗ್ಗಿ ಇಲ್ಲದ ಕಡತ ಹುಡುಕಿದ. ಊರಿಗೆಲ್ಲ ಹೇಳುವ ಮಾತನ್ನು ಹೇಳಲೇಬೇಕಾದ ಒಬ್ಬರಿಗೆ ಹೇಳಲಿಲ್ಲ. ತಂಗಿಗೆ ಮಾತ್ರ, ನಿಮ್ಮದೇ ಮೊದಲನೆಯದು ಎಂದು ಹೇಳಿದ. ಅವಳು ಉಳಿದ ತಾಯಂದಿರಿಗೆಲ್ಲ ಹೇಳಿದಳು.

ಶುಕ್ರವಾರ ಅವರೆಲ್ಲ ಒಂದು ವ್ಯಾನು ಮಾಡಿಕೊಂಡು ಬಂದರು. ಸದಸ್ಯರೇ ಖುದ್ದಾಗಿ ಬಂದು ಒಂದೊಂದು ಪಾಸಿಗೂ ಸಹಿ ಹಾಕದೆ ಬಿಡುವುದಿಲ್ಲವೆಂದು ಗೇಟಿನ ಕಾವಲುಗಾರ ಅಡ್ಡ ನಿಂತ. ಸರ್ಕಾರದ ದೊಡ್ಡ ಮಸೂದೆಯೊಂದರ ಚರ್ಚೆ ನಡೆದಿತ್ತು, ಅದು ಮುಗಿಯಲು ಇನ್ನೂ ಬಹಳ ಹೊತ್ತು ಬೇಕೆಂದು ಎಲ್ಲರೂ ತಿಳಿದಿದ್ದರು. ಹಾಗಾಗಿ ಮೇಷ್ಟ್ರು ನಿಧಾನಕ್ಕೆ ಮೆಟ್ಟಿಲಿಳಿದು ಗೇಟಿಗೆ ಹೋದರು. ಊರುಗೋಲನ್ನು ಕಂಕುಳಲ್ಲಿ ಇರುಕಿಕೊಂಡು, ಪ್ರತಿ ತಾಯಿಯ ಹೆಸರು ಕೇಳಿ ಸಹಿ ಹಾಕುತ್ತಿದ್ದಾಗ, ಒಳಗೆ ಮಂತ್ರಿ ಇದ್ದಕ್ಕಿದ್ದಂತೆ ಎದ್ದು ತಮ್ಮ ಮಸೂದೆಯನ್ನು ಹಿಂದಕ್ಕೆ ತೆಗೆದುಕೊಂಡರು. ಸದಸ್ಯರ ಮಸೂದೆಗಳ ಹೊತ್ತು ಆಗಲೇ ಶುರುವಾಯಿತೆಂದು ಗಂಟೆ ಹೊಡೆಯಿತು.

ನೋಟೀಸಿನ ಕೋಣೆಯ ಗೋಡೆಯ ಮೇಲೆ ಸಭೆಯ ಮಾತು ಕೇಳಿಸುವ ಒಂದು ಹಳೆಯ ಧ್ವನಿಪೆಟ್ಟಿಗೆಯಿತ್ತು. ಸಭಾಧ್ಯಕ್ಷರು ಮೇಷ್ಟ್ರ ಹೆಸರು ಕರೆದರು. ಯಾರೂ ಏಳಲಿಲ್ಲ. ಮತ್ತೆ ಕರೆದರು. ನೋಟೀಸಪ್ಪ ಎದ್ದು ನಿಂತ. ಅವನು ಎದ್ದು ನಿಂತು ಆಗುವುದೇನಿತ್ತು? ಮೂರನೆಯ ಸಲ ಕರೆದು, ಪರವಾಗಿ ಯಾರ ಹೆಸರಾದರೂ ಇದೆಯೇ ಎಂದು ವಿಚಾರಿಸಿದರು. ಇಲ್ಲ ಎಂದಿತು ಇನ್ನೊಂದು ದನಿ. ಮಸೂದೆ ಬಿದ್ದಿದೆ, ಮುಂದಿನದು ಎಂದರು ಸಭಾಧ್ಯಕ್ಷರು. ಅಷ್ಟು ವರ್ಷ ಕಾದಿದ್ದ ರೈಲಿನ ಸದಸ್ಯ ಖುಷಿಯಿಂದ ಮಾತು ಶುರುಮಾಡಿದ.

ಮೇಷ್ಟ್ರು ಏದುಸಿರು ಬಿಡುತ್ತ ಬಾಗಿಲು ತಲುಪಿದಾಗ ರೈಲು ಹೊರಟಾಗಿತ್ತು. ತಾಯಂದಿರು ಮೇಲಿನ ಗ್ಯಾಲರಿಯಲ್ಲಿ ಸಾಲಾಗಿ ಕೂತರು. ಅಲ್ಲಿ ಮಾತಾಡುವಂತಿರಲಿಲ್ಲ, ಅವರಿಗೆ ಯಾರೂ ಏನೂ ಹೇಳಲೂ ಇಲ್ಲ. ಈ ರೈಲಿನ ಮಾತು ಮುಗಿದ ಮೇಲೆ ನಮ್ಮದು ಬರುತ್ತದೆ ಎಂದು ಸಭೆ ಏಳುವ ತನಕ ಕಣ್ಣು ಮಿಟುಕಿಸದೆ ಕಾದರು.

ಸಂಜೆ ಮೇಷ್ಟ್ರು ಕಿಟಕಿಗೆ ಬಂದರು. ಬಗ್ಗಲು ತ್ರಾಣವಿಲ್ಲದೆ ಹಲಗೆಗೆ ಒರಗಿಕೊಂಡರು.

"ಜೊತೆಗೊಂದು ಹೆಸರು ಕೊಡಬಹುದಿತ್ತಂತೆ. ನೀವು ಎಲ್ರಿಗೂ ಹೇಳ್ತೀರಂತೆ. ನನಗೊಬ್ಬನಿಗೇ ಯಾಕೆ ಹೇಳಲಿಲ್ಲ ನೋಟೀಸಪ್ಪನೋರೇ?"

"ಮರ್ತೆ ಸಾರ್," ಅಂದ ನೋಟೀಸಪ್ಪ.

ಮೇಷ್ಟ್ರು, ವಯಸ್ಸು ಇಬ್ಬರಿಗೂ ಆಯಿತು ಬಿಡಿ ಎಂದು ಅವನನ್ನೇ ಸಮಾಧಾನ ಮಾಡಿದರು. ಮುಂದಿನ ಚುನಾವಣೆಗೆ ತಾವು ನಿಲ್ಲುವುದಿಲ್ಲ, ಈ ಕಾಲುಗಳು ಮತ್ತೆ ಇಲ್ಲಿಗೆ ಹತ್ತಲಾರವು ಎಂದರು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ತಂಗಿಯ ಮನೆಯ ಬಾಗಿಲು ಎಂದಿನಂತೆ ತೆರೆದಿತ್ತು. ಅವಳು ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು. ಮಸೂದೆ ಬಿದ್ದದ್ದು ಸಭೆ ಎದ್ದ ಮೇಲೆ ತಿಳಿಯಿತಂತೆ, ವ್ಯಾನಿನಲ್ಲಿ ಬರುವಾಗ ಹೆಂಗಸರೆಲ್ಲ ಮೇಷ್ಟ್ರಿಗೆ ಹಿಡಿಶಾಪ ಹಾಕಿದರಂತೆ. ಕಾಲಿಲ್ಲದ ಮುದುಕನನ್ನು ನಂಬಿ ಕೆಟ್ಟೆವು ಅಂದರಂತೆ. ನಾನೂ ಅಂದೆ ಎಂದಳು. ನೋಟೀಸಪ್ಪ ಅಲ್ಲಿಗೇ ಬಿಟ್ಟಿದ್ದರೆ ಬಿಸಿ ಅನ್ನ ತಿಂದು ಮನೆಗೆ ಹೋಗಬಹುದಿತ್ತು. ತನ್ನನ್ನು ಸಮಾಧಾನ ಮಾಡಿ ಹೋದ ಆ ಮುದುಕರ ಮೇಲೆ ಶಾಪ ಬೀಳುವುದನ್ನು ಅವನಿಂದ ಕೇಳಲಾಗಲಿಲ್ಲ. ಮುರಿದ ಅಂಚಿನಿಂದ ಹಿಡಿದು ಹೇಳದೆ ಉಳಿದ ಮಾತಿನವರೆಗೆ ಎಲ್ಲವನ್ನೂ ನಿಂತೇ ಹೇಳಿದ.

ತಂಗಿ ಕೊನೆಯವರೆಗೂ ಕೇಳಿಸಿಕೊಂಡಳು.

"ಬಿಲ್ಲೆ ಕದ್ದಿದ್ದಕ್ಕೆ ನಾನು ನಿನ್ನ ಕಾಲು ಹಿಡೀತಿದ್ದೆ ಅಣ್ಣ. ಆದ್ರೆ ಒಂದು ಮಾತು. ಬರೀ ಒಂದು ಮಾತು ಹೇಳ್ಬೇಕಿತ್ತು. ನಿನ್ನ ಹೆಸರು ಕೆಡುತ್ತೆ ಅಂತ ಬಾಯಿ ಮುಚ್ಕೊಂಡೆ."

ಅವಳು ಯಂತ್ರದ ಮುಂದಿನಿಂದ ಎದ್ದಳು.

"ಕೀಲಿಕೈ ಇದ್ದೋನು ಟೀ ಕುಡಿಯೋಕೆ ಹೋಗಿದ್ದ," ಅಂದಳು ತಂಗಿ. "ನೀನು ಅಲ್ಲೇ ಇದ್ಯಲ್ಲ."

ಅಂದು ಅವಳು ತಟ್ಟೆ ಹಾಕಲಿಲ್ಲ. ನೋಟೀಸಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಬಂದ. ಎರಡು ಮೆಟ್ಟಿಲು ಇಳಿದಿದ್ದನೋ ಇಲ್ಲವೋ, ಹಿಂದೆ ಬಾಗಿಲು ಎಳೆದುಕೊಂಡ ಸದ್ದಾಯಿತು. ಅಷ್ಟು ತಿಂಗಳಿಂದ ಮುಟ್ಟದೆ ತುಕ್ಕು ಹಿಡಿದಿದ್ದ ಚಿಲಕ ಸುಲಭಕ್ಕೆ ಜಗ್ಗಲಿಲ್ಲ. ತಂಗಿ ಅದನ್ನು ಒಳಗಿನಿಂದ ಬಡಿದು, ಬಡಿದು, ಹಾಕಿಕೊಂಡಳು.