ಎರಡನೇ ಬಸ್ಸಿಗೆ ಒಪ್ಪದವರು

ಅರವತ್ತರ ದಶಕದ ಕೊನೆಯಲ್ಲಿ ನಾನು ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಮೆಷಿನ್ ಸೆಕ್ಷನ್ನಿನ ನೌಕರ. ತೂತು ಹೊಡೆದ ಕಾರ್ಡುಗಳನ್ನು ವಿಂಗಡಿಸಿ ಪಟ್ಟಿ ಅಚ್ಚುಹಾಕುವ ಯಂತ್ರಗಳು ನಮ್ಮಲ್ಲಿದ್ದವು. ಯಾವ ಪಟ್ಟಿ ಬೇಕೋ ಅದಕ್ಕೆ ತಕ್ಕಂತೆ ಒಂದು ಹಲಗೆಗೆ ವೈರುಗಳನ್ನು ಸಿಕ್ಕಿಸುವುದು ನನ್ನ ಕೆಲಸ. ಇಡೀ ಸೆಕ್ಷನ್ನಿನಲ್ಲಿ ಅದನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಇರಲಿಲ್ಲ. ಈ ಮಾತನ್ನು ಆಗಲೂ ನಾನೇ ಹೇಳಿಕೊಳ್ಳುತ್ತಿದ್ದೆ, ಅದಕ್ಕೇ ಊಟದ ಹೊತ್ತಿಗೆ ನನ್ನ ಪಕ್ಕದ ಜಾಗ ಖಾಲಿ ಇರುತ್ತಿತ್ತು.

ಕಾರ್ಖಾನೆಗೆ ಕಂಪ್ಯೂಟರ್ ಬರುವುದಿತ್ತು. ಅದಕ್ಕೆ ಪ್ರೋಗ್ರಾಂ ಬರೆಯುವುದನ್ನು ಕಲಿಯಲು ಒಬ್ಬರನ್ನು ಬೊಂಬಾಯಿಗೆ ಕಳಿಸುತ್ತಾರಂತೆ, ಒಂದೋ ನನ್ನನ್ನು, ಇಲ್ಲವೇ ಪಕ್ಕದ ಮೇಜಿನವನನ್ನು. ನನಗೆ ಅನುಮಾನವೇ ಇರಲಿಲ್ಲ. ಟ್ರಂಕು ಯಾರಿಂದ ಎರವಲು ತರುವುದೆಂಬ ಯೋಚನೆ ಮಾತ್ರ ಬಾಕಿ ಇತ್ತು.

ಅಷ್ಟರಲ್ಲಿ ನಮ್ಮ ಆಫೀಸರು ಇಬ್ಬರಿಗೂ ಒಂದೊಂದು ಕೆಲಸ ಕೊಟ್ಟರು. ಕಾರ್ಮಿಕರ ಬಸ್ಸುಗಳು ತುಂಬಿ ತುಳುಕುತ್ತಿದ್ದವು, ಹೊಸ ಬಸ್ಸು ಸೇರಿಸಿ ಯಾರು ಯಾವುದಕ್ಕೆ ಎಂದು ಹಂಚಬೇಕಿತ್ತು. ಬಾಗಲಗುಂಟೆ ಕಡೆಯದು ಅವನಿಗೆ, ಯಲಹಂಕದ ಕಡೆಯದು ನನಗೆ. ರಾಜಾನುಕುಂಟೆ, ಯಲಹಂಕದವರಿಗೆ ಹಳೆಯ ಬಸ್ಸು. ಅಲ್ಲಾಳಸಂದ್ರ, ಹೆಬ್ಬಾಳದವರಿಗೆ ಹೊಸದು. ಎರಡೇ ದಿನದಲ್ಲಿ ಪಟ್ಟಿ ಒಯ್ದು ಆಫೀಸರ ಮೇಜಿನ ಮೇಲಿಟ್ಟೆ.

ಅವರು ಕನ್ನಡಕ ಏರಿಸಿ ನೋಡಿದರು. “ಲಕ್ಷಣವಾಗಿದೆ ಕಣ್ರೀ. ಇದ್ರಲ್ಲಿರೋರೆಲ್ಲ ಒಪ್ಪಿ ಸಹಿ ಹಾಕ್ಲಿ. ಆಮೇಲೆ ಬೊಂಬಾಯಿ ಮಾತಾಡೋಣ.”

ನನಗೆ ತಲೆಬುಡ ಗೊತ್ತಾಗಲಿಲ್ಲ. ಸರಿಯಾದ ಪಟ್ಟಿಗೆ ಯಾರ ಒಪ್ಪಿಗೆ ಏಕೆ ಬೇಕು? ಆದರೂ ಕಾರ್ಖಾನೆಯೊಳಗೆ ಶಾಪಿನಿಂದ ಶಾಪಿಗೆ ಅಲೆದೆ. ಗೊಣಗುತ್ತಲೇ ಎಲ್ಲರೂ ಸಹಿ ಹಾಕಿದರು, ಅಲ್ಲಾಳಸಂದ್ರದ ಒಬ್ಬ ಟರ್ನರ್ ಹೊರತು. ಐವತ್ತರ ಹತ್ತಿರದ ಮನುಷ್ಯ. ಹೊಸ ಬಸ್ಸು ಅವರ ಮನೆಯ ಹತ್ತಿರವೇ ನಿಲ್ಲುವುದಿತ್ತು. ಅವರೋ ಇಷ್ಟು ವರ್ಷ ಕತ್ತಲಲ್ಲೇ ಎದ್ದು, ಕಾರ್ಖಾನೆಗೆ ಬೆನ್ನು ಹಾಕಿ ಯಲಹಂಕದವರೆಗೆ ನಡೆದು, ಅಲ್ಲಿ ಬಸ್ಸು ಹತ್ತಿ, ತಮ್ಮ ಊರನ್ನೇ ದಾಟಿಕೊಂಡು ಬರುತ್ತಿದ್ದರಂತೆ. ಕಾಗದದ ಮೇಲೆ ರಸ್ತೆ ಬರೆದು ತೋರಿಸಿದೆ. ಚಿತ್ರ ಚೆನ್ನಾಗಿದೆ ಎಂದರು, ಸಹಿ ಮಾತ್ರ ಹಾಕಲಿಲ್ಲ.

“ನಂಗೆ ಅಳೇ ಬಸ್ಸೇ ಇರ್ಲಿ ಬುಡಿ ಸ್ವಾಮಿ.”

ಕಾರಣ ಕೇಳಿದರೆ ಅಭ್ಯಾಸ ಎಂದರು. ಸಿಟ್ಟು ನೆತ್ತಿಗೇರಿತು. ಒಬ್ಬರ ಅಭ್ಯಾಸದಿಂದ ನನ್ನ ಬೊಂಬಾಯಿ ತಪ್ಪಬೇಕೇ? ಯಲಹಂಕದಲ್ಲಿ ನನ್ನ ಅಕ್ಕನ ಮನೆಯಿತ್ತು. ಆ ರಾತ್ರಿ ಅಲ್ಲೇ ಉಳಿದು ಬೆಳಗಿನ ಜಾವ ಬಸ್ಸಿನ ಹತ್ತಿರ ನಿಂತೆ. ಟರ್ನರ್ ಊರಿನ ಒಳಗಡೆಯಿಂದ ಬಂದರು, ಜೊತೆಗೆ ಅವರ ವಯಸ್ಸಿನವರೇ ಒಬ್ಬ ಫಿಟ್ಟರ್. ಹೆಗಲ ಮೇಲೆ ಕೈ ಹಾಕಿಕೊಂಡು ಹರಟುತ್ತಾ ಬರುವ ಇಬ್ಬರು ಗೆಳೆಯರು, ಅಷ್ಟೇ. ಫಿಟ್ಟರ್ ಬಸ್ಸಿನ ಮೆಟ್ಟಿಲನ್ನು ಪಾದದಿಂದ ತಡವಿ ಹತ್ತಿದ್ದನ್ನು ನೋಡಿದೆ. ಆದರೂ ಏನೂ ಹೊಳೆಯಲಿಲ್ಲ. ಸ್ನೇಹಕ್ಕಾಗಿ ಇಷ್ಟು ಹಟವೇ ಎಂದು ಮಧ್ಯಾಹ್ನ ಟರ್ನರ್ ಬಳಿ ಹೋಗಿ ರೇಗಿಯೇಬಿಟ್ಟೆ. ಅವರು ನನ್ನನ್ನು ಸೈಕಲ್ ಸ್ಟ್ಯಾಂಡಿನ ಹಿಂದಕ್ಕೆ ಕರೆದೊಯ್ದರು.

“ಕತ್ಲಲ್ಲಿ ಅವನಿಗೆ ಕಣ್ಣು ಕಾಣಾಕಿಲ್ಲ ಸ್ವಾಮಿ. ಬೆಳಕಾದ್ರೆ ನಿಮ್ಗಿಂತ ಚೆಂದಾಗಿ ಕಾಣ್ತದೆ. ಎಂಡ್ರು ಕೈ ಇಡ್ಕೊಂಡು ಕರ್ಕೊಂಡ್ ಬಂದ್ರೆ ಊರೆಲ್ಲಾ ನೋಡ್ತದೆ. ನಾನು ಎಗಲ ಮೇಲೆ ಕೈ ಆಕ್ಕೊಂಡು ಬಂದ್ರೆ ಯಾರು ನೋಡ್ತಾರೆ? ಕಾರ್ಖಾನೆ ಡಾಕ್ಟ್ರಿಗೆ ತಿಳಿದ್ರೆ ಅವನ ಕೆಲ್ಸ ಓಯ್ತದೆ. ನಿಮ್ಗೆ ಯೋಳಿದ್ದೀನಿ ಅಂತ ಅವನಿಗೂ ಗೊತ್ತಾಗ್ಬಾರ್ದು.”

ಟರ್ನರ್ ಹೆಸರಿನ ಕಾರ್ಡು ಬದಲಾಯಿಸುವುದು ಅರ್ಧ ನಿಮಿಷದ ಕೆಲಸ. ಆಫೀಸರಿಗೆ ಹೇಳುವುದೇ ಕಷ್ಟವಾಯಿತು. ಅವರು ಕಾರಣ ಕೇಳಿದರು. ಕಾರಣ ಗೊತ್ತು, ಹೇಳಲಾಗದು ಎಂದೆ. ಒಬ್ಬರಿಗೆ ಹೀಗೆ ಬಿಟ್ಟರೆ ಸಹಿ ಹಾಕಿದ ಉಳಿದವರಿಗೆ ಏನು ಹೇಳಲಿ ಎಂದು ಅವರು ಮತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ.

“ನನ್ನ ಪಟ್ಟಿಯೇ ತಪ್ಪಾಗಿತ್ತು ಅಂತ ಹೇಳಿ ಸಾರ್” ಎಂದೆ.

ಅವರು ಹಾಗೇ ಹೇಳಿ ಟರ್ನರನ್ನು ಹಳೆಯ ಬಸ್ಸಿನಲ್ಲೇ ಬಿಟ್ಟರು. ಬಾಗಲಗುಂಟೆಯ ಪಟ್ಟಿ ಒಂದು ಹೆಸರೂ ಬದಲಾಗದೆ ಪಾಸಾಯಿತು. ಬೊಂಬಾಯಿಗೆ ಪಕ್ಕದ ಮೇಜಿನವನೇ ಹೋದ. ಅವನನ್ನು ಬೀಳ್ಕೊಟ್ಟು ಬರುವಾಗ ಆಫೀಸರು ನನ್ನ ಪಕ್ಕದಲ್ಲೇ ನಡೆಯುತ್ತಾ, ಇನ್ನು ಮೇಲೆ ನಿಮ್ಮನ್ನು ಜನರ ನಡುವೆ ಯಾವ ಕೆಲಸಕ್ಕಾದರೂ ಹಾಕಬಹುದು ಎಂದರು. ಅದು ಹೊಗಳಿಕೆಯೋ ಸಮಾಧಾನವೋ ತಿಳಿಯಲಿಲ್ಲ. ಹಾಕಬಹುದಾದರೆ ಕಳಿಸಲಿಲ್ಲವೇಕೆ? ಮುಂದೆ ನಾನೂ ಪ್ರೋಗ್ರಾಂ ಬರೆದೆ, ನಾಲ್ಕಾರು ಜನರ ಮೇಲಿನವನೂ ಆದೆ, ಎಷ್ಟೋ ಸಲ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ನಾನು ಮಾಡಿದ್ದು ಸರಿಯೋ ಎಂಬುದೂ ಖಾತ್ರಿಯಿಲ್ಲ. ಆ ಕಣ್ಣಿನಿಂದಾಗಿ ಏನಾದರೂ ಅಪಾಯವಾಗಿದ್ದರೆ ಅದರಲ್ಲಿ ನನ್ನ ಪಾಲೂ ಇರುತ್ತಿರಲಿಲ್ಲವೇ? ಬೀಳ್ಕೊಟ್ಟ ಆ ದಿನ ಮಾತ್ರ ಹೊಟ್ಟೆಯುರಿ ಒಂದೇ ಸ್ಪಷ್ಟವಾಗಿತ್ತು.

ತಿಂಗಳೊಂದಾದ ಮೇಲೆ ಒಂದು ಸೋಮವಾರ ಅಕ್ಕನ ಮನೆಯಿಂದಲೇ ಕೆಲಸಕ್ಕೆ ಹೊರಟು ಅದೇ ಬಸ್ಸು ಹತ್ತಿದೆ. ಇನ್ನೂ ಕತ್ತಲು. ಟರ್ನರ್ ಜರುಗಿ ಜಾಗ ಕೊಟ್ಟರು. ಡ್ರೈವರನ್ನು ಏನೋ ಕೇಳಿದ ನನ್ನ ದನಿಯಿಂದಲೇ ಫಿಟ್ಟರ್ ಗುರುತು ಹಿಡಿದರು.

“ಮೆಷಿನ್ ಸೆಕ್ಷನ್ ಸ್ವಾಮಿಗಳಾ? ನಮ್ಮೋನ ಎಸ್ರು ತಪ್ಪಾಗಿ ಆಕ್ಬುಟ್ಟು ಬೊಂಬಾಯಿ ಕಳ್ಕೊಂಡ್ರಂತೆ. ಒಂದ್ ಎಸ್ರು ಸರಿಯಾಗಿ ನೋಡ್ಕಾಬಾರ್ದಿತ್ತಾ?”

ಟರ್ನರ್ ಕಿಟಕಿಯ ಕಡೆ ತಿರುಗಿಕೊಂಡರು. ತಪ್ಪು ನನ್ನದೇ ಎಂದೆ. ಫಿಟ್ಟರಿಗೆ ನಿಜಕ್ಕೂ ಮರುಕವಾಗಿತ್ತು. ಇಷ್ಟು ಓದಿದವರು ಇನ್ನು ಮುಂದಾದರೂ ಜೋಪಾನವಾಗಿರಬೇಕೆಂದು ಹೆಬ್ಬಾಳ ಬರುವವರೆಗೂ ಬುದ್ಧಿ ಹೇಳಿದರು. ಮೊದಲು ಸುಮ್ಮನೆ ತಲೆಯಾಡಿಸಿದೆ. ಅದು ಅವರಿಗೆ ಕಾಣದು ಎಂದು ನೆನಪಾಗಿ, ಆಮೇಲೆ ಪ್ರತಿ ಮಾತಿಗೂ ಗಟ್ಟಿಯಾಗಿ ಹೂಂ ಎನ್ನುತ್ತಾ ಕೂತೆ.