ಧಾರೆ ಎರೆದ ಕೈ

ನಮ್ಮ ಯಜಮಾನರು ಮುಖ್ಯ ಪಾತ್ರ ಮಾಡಿದ್ದು ಒಂದೇ ಒಂದು ಸಿನಿಮಾದಲ್ಲಿ. ಅದರಲ್ಲೂ ಜೈಲಿನಲ್ಲಿ ನೇಣು ಹಾಕುವವನ ಪಾತ್ರ. ಬೇರೆ ಯಾವುದೂ ಸಿಗಲಿಲ್ಲವೇ ಎಂದು ನಾನು ಆಗಲೇ ಕೇಳಿದ್ದೆ. ಹಗಲೆಲ್ಲ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ, ಸಂಜೆಯಾದರೆ ಹವ್ಯಾಸಿ ನಾಟಕ, ಅಲ್ಲಿಯೂ ಮಂತ್ರಿಯದೋ ಮಾವನದೋ ಪಾತ್ರ. ಅಷ್ಟರಲ್ಲೇ ತಲೆ ಬೆಳ್ಳಗಾದ ಮನುಷ್ಯನನ್ನು ಒಬ್ಬ ನಿರ್ದೇಶಕ ಬಂದು ಹೀರೋ ಮಾಡುತ್ತೇನೆಂದರೆ ಬಿಟ್ಟಾರೆಯೇ. "ಇದು ಕಮರ್ಷಿಯಲ್ ಅಲ್ಲ ಕಣೇ, ಆರ್ಟ್ ಫಿಲಂ," ಎಂದರು. ಸಂಬಳ ಇಲ್ಲ ಎಂಬುದನ್ನು ಅಷ್ಟು ಮರ್ಯಾದೆಯಾಗಿ ಹೇಳಬಹುದೆಂದು ನನಗೆ ತಿಳಿದದ್ದು ಅವತ್ತೇ.

ಕಥೆ ದೊಡ್ಡದೇನಲ್ಲ. ಒಬ್ಬನನ್ನು ನೇಣಿಗೇರಿಸಿ ಮನೆಗೆ ಬಂದವನು ಆಮೇಲೆ ಬಲಗೈಯಲ್ಲಿ ಅನ್ನ ಮುಟ್ಟಲಾರ. ಎಡಗೈಯಲ್ಲಿ ಉಣ್ಣುತ್ತಾನೆ. ಬಲಗೈಯನ್ನು ಬೆನ್ನಿನಡಿ ಹಾಕಿಕೊಂಡು ಮಲಗುತ್ತಾನೆ. ಊರಿನವರು ಅವನನ್ನು ಶುಭಕಾರ್ಯಗಳಿಗೆ ಕರೆಯುವುದಿಲ್ಲ. ಯಲಹಂಕ ಉಪನಗರದ ನಮ್ಮ ಮನೆಯ ಟೀವಿಯಲ್ಲಿ ಇದನ್ನು ನೋಡಿ ನೆಂಟರೆಲ್ಲ ಕಣ್ಣೊರೆಸಿಕೊಂಡರು. "ಪಾಪ, ಜನ ಎಷ್ಟ್ ಕ್ರೂರಿಗಳು ಅಲ್ವಾ," ಎಂದವಳು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಆ ಮಾತನ್ನು ನಾನು ಮರೆತಿಲ್ಲ, ಮರೆಯುವ ಉದ್ದೇಶವೂ ನನಗಿಲ್ಲ.

ಗಲ್ಲುಗಂಬದ ಸೆಟ್ ಹಾಕಿದ್ದು ರಾಜಾನುಕುಂಟೆಯ ಹತ್ತಿರ, ಅಣ್ಣ ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಶೆಡ್ಡಿನಲ್ಲಿ. ಹಿಪ್ಪುನೇರಳೆ ತೋಟವನ್ನೆಲ್ಲ ಅವನು ಆಗಲೇ ಲೇಔಟ್ ಮಾಡಿಯಾಗಿತ್ತು, ಶೆಡ್ಡೊಂದು ಉಳಿದಿತ್ತು. ಯೂನಿಟ್ಟಿನವರಿಗೆ ಚಿತ್ರಾನ್ನ ಕಲಸಿಕೊಂಡು ನಾನೂ ಹೋಗಿದ್ದೆ. ಹಾಗಾಗಿ ಇದು ಯಾರೋ ಹೇಳಿದ್ದಲ್ಲ, ನಾನೇ ಕಂಡದ್ದು.

ಗಲ್ಲುಗಂಬದ ಲಿವರ್ ಎಳೆಯುವ ಕೈಯನ್ನು ನಿರ್ದೇಶಕ ಹತ್ತಿರದಿಂದ ತೋರಿಸಬೇಕೆಂದಿದ್ದ. ಮುಖದಲ್ಲಿ ಸಂಕಟ ಇರಬೇಕು, ಕೈ ಮಾತ್ರ ನಡುಗಬಾರದು. ಹಗ್ಗಕ್ಕೆ ಕಟ್ಟಿದ್ದು ಬರೀ ಮರಳಿನ ಮೂಟೆ. ಆದರೂ ನಮ್ಮ ಯಜಮಾನರ ಕೈ ನಡುಗಿತು. ನಿರ್ದೇಶಕ "ಇನ್ನೊಂದ್ ಸಲ ಸರ್" ಎಂದಷ್ಟೂ ಹೆಚ್ಚು ನಡುಗಿತು. ಎಲೆ ಅಡಿಕೆ ಜಗಿಯುತ್ತ ನಿಂತಿದ್ದ ಅಣ್ಣನಿಗೆ ತಾಳ್ಮೆ ಕೆಟ್ಟಿತು. "ಅದೇನ್ ಮಹಾ ಇದ್ಯೆ ಅಂತ ಇಂಗಾಡ್ತೀರ ಭಾವ, ಬುಡಿ, ನಾನೆಳೀತೀನಿ," ಎಂದ. ನಿರ್ದೇಶಕ ಅವನ ಕೈ ನೋಡಿದ. ಬೇಸಾಯದಲ್ಲಿ ಜಡ್ಡುಗಟ್ಟಿದ ದಪ್ಪ ಕೈ. ಯಜಮಾನರ ಖಾಕಿ ಅಂಗಿಯನ್ನೇ ಬಿಚ್ಚಿಸಿ ಅವನಿಗೆ ತೊಡಿಸಿದರು. ಒಂದೇ ಟೇಕಿಗೆ ಓಕೆ ಆಯಿತು. ನಮ್ಮ ತಾತನ ಸಮಾಧಿಯಿದ್ದ ತೋಟದ ಮೂಲೆಯನ್ನು ಜೆಸಿಬಿಯಲ್ಲಿ ಎತ್ತಿಸಿ ಕಾರು ನಿಲ್ಲಿಸುವ ಜಾಗ ಮಾಡಿದಾಗಲೂ ಆ ಕೈ ನಡುಗಿರಲಿಲ್ಲ, ಇದಕ್ಕೆ ನಡುಗುತ್ತದೆಯೇ.

ಹೀಗೆ ಸಿನಿಮಾದಲ್ಲಿ ಮುಖ ನನ್ನ ಗಂಡನದು, ನೇಣು ಹಾಕುವ ಕೈ ನನ್ನ ಅಣ್ಣನದು. ನೋಡಿದವರಿಗೆ ಗೊತ್ತಾಗುವುದಿಲ್ಲ. ಅತ್ತಿಗೆ ಅವತ್ತೇ ಅಣ್ಣನಿಗೆ ತಲೆಗೆ ಸ್ನಾನ ಮಾಡಿಸಿ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ಯಾರತ್ರಾನೂ ಏಳ್ಬ್ಯಾಡ ಕಣವ್ವ, ಸೈಟ್ ತಗಳೋರು ಇಂದೇಟಾಕ್ತಾರೆ," ಎಂದ. ನಾನು ನಕ್ಕುಬಿಟ್ಟೆ.

ಮಗಳ ನಿಶ್ಚಿತಾರ್ಥ ಆದ ಮೇಲೆ ಗಂಡಿನ ಕಡೆಯವರು ಕೋಗಿಲು ಬಡಾವಣೆಯಿಂದ ನಮ್ಮ ಮನೆಗೆ ಬಂದರು. ಅಣ್ಣ ಅತ್ತಿಗೆಯನ್ನೂ ಅವರೇ ಕರೆಸಿಕೊಂಡಿದ್ದರು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಹುಡುಗನ ತಂದೆ ಬಾಯಿಬಿಟ್ಟರು.

"ತಪ್ಪು ತಿಳ್ಕೋಬೇಡಿ. ನಮ್ಮ ತಾಯಿಗೆ ಯಾರೋ ಮೊಬೈಲಲ್ಲಿ ಆ ಸಿನಿಮಾದ ಒಂದ್ ತುಣುಕು ತೋರ್ಸಿದಾರೆ. ನೇಣ್ ಹಾಕಿರೋ ಕೈಯಲ್ಲಿ ನಮ್ಮ ಹುಡುಗನಿಗೆ ಧಾರೆ ಬೇಡ ಅಂತ ಕೂತ್ಬಿಟ್ಟಿದಾರೆ. ಹುಡುಗಿ ಸೋದರಮಾವನೇ ಎರೀಲಿ ಅಂತ."

ನಮ್ಮಲ್ಲಿ ಧಾರೆ ಎಂದರೆ ಮದುವೆಯ ಜೀವ. ವಧೂವರರ ಜೋಡಿಸಿದ ಕೈಗಳ ಮೇಲೆ ಹೆಣ್ಣಿನ ತಂದೆತಾಯಿ ಹಾಲೆರೆದ ಮೇಲೆಯೇ ಉಳಿದವರು ಸಾಲಾಗಿ ಬಂದು ಎರೆಯುವುದು. ಅಪ್ಪ ಎರೆಯುವುದು ಬೇಡವೆಂದರೆ ಅಮ್ಮನಿಗೂ ಇಲ್ಲ. ಹೆತ್ತ ನಾನು ಕೆಳಗೆ ನಿಲ್ಲಬೇಕು, ನನ್ನ ಜಾಗದಲ್ಲಿ ಅತ್ತಿಗೆ ಕೂರಬೇಕು.

ನಾನು ಅಣ್ಣನ ಮುಖ ನೋಡಿದೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಅವನು ಪಂಚೆಯ ಅಂಚು ಸರಿಮಾಡಿಕೊಳ್ಳುತ್ತ, "ದೊಡ್ಡೋರ್ ಮಾತು, ಅಂಗೇ ಆಗ್ಲಿ ಬುಡಿ," ಎಂದ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಯಾದರೂ ಕದ್ದು ಒರೆಸಿತ್ತು, ಇವನು ಮೇಕೆಯ ಮನೆಯಲ್ಲೇ ಕೂತು ಒರೆಸಿದ.

ಒಳಗೆ ಹೋಗಿ ಮಗಳು ಅತ್ತಳು. "ಅಪ್ಪ ಎರೀದಿದ್ರೆ ನಂಗೆ ಮದ್ವೆನೇ ಬೇಡ," ಎಂದಳು. ಅಪ್ಪನೇ ಅವಳ ತಲೆ ಸವರಿ ಒಪ್ಪಿಸಿದರು. ನಾನು ಎಲ್ಲವನ್ನೂ ಹೇಳಿಬಿಡುತ್ತೇನೆಂದು ನಡುಮನೆಗೆ ಹೊರಟರೆ ನನ್ನ ಕೈ ಹಿಡಿದರು.

"ಹೇಳಿ ಏನ್ ಮಾಡ್ತೀಯ? ಆಗ ನಿಮ್ಮಣ್ಣನೂ ಬೇಡ ಅಂತಾರೆ. ನಿನ್ನ ತವರೂ ಹೋಗುತ್ತೆ, ಈ ಮದ್ವೆನೂ ಹೋಗುತ್ತೆ."

"ನಿಮಗೆ ಏನೂ ಅನ್ಸಲ್ವೇನ್ರೀ?"

"ಅನ್ಸುತ್ತೆ," ಎಂದರು, ಅಷ್ಟೇ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ನುಂಗಿದೆ. ಗಂಟಲು ಇವತ್ತಿಗೂ ಉರಿಯುತ್ತಿದೆ.

ದೊಡ್ಡಬಳ್ಳಾಪುರ ರಸ್ತೆಯ ಛತ್ರದಲ್ಲಿ ಮದುವೆ. ಓಲಗ ಜೋರಾಯಿತು. ರೇಷ್ಮೆ ಪಂಚೆ ಉಟ್ಟ ಅಣ್ಣ ಬೆಳ್ಳಿ ಚೊಂಬು ಎತ್ತಿದ, ಅತ್ತಿಗೆ ಅವನ ಮೊಣಕೈ ಮುಟ್ಟಿಕೊಂಡು ನಿಂತಳು. ಹಾಲು ದಾರದ ಹಾಗೆ ನೆಟ್ಟಗೆ ಬಿತ್ತು. ಹುಡುಗನ ಅಜ್ಜಿ ಆ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡು, "ಪುಣ್ಯವಂತರ ಕೈ ಕಣಪ್ಪ," ಎಂದರು. ಅಣ್ಣ ಬೇಡ ಎನ್ನಲಿಲ್ಲ. ಮಂಟಪದ ಕೆಳಗೆ ನನ್ನ ಪಕ್ಕ ನಿಂತಿದ್ದ ಯಜಮಾನರು ಮೆಲ್ಲಗೆ, "ನೋಡು, ಆವತ್ತಿನ ಹಾಗೇ ಒಂದೇ ಟೇಕು," ಎಂದರು. ನಗಿಸಲೆಂದು ಹೇಳಿದರೋ ಏನೋ, ನನಗೆ ನಗು ಬರಲಿಲ್ಲ.

ನೆಂಟರ ಸಾಲಿನಲ್ಲಿ ನಾವೂ ನಿಂತೆವು. ಸಾಲಿನಲ್ಲಿ ಬರುವವರ ಬಗ್ಗೆ ಅಜ್ಜಿಯ ತಕರಾರಿರಲಿಲ್ಲ. ಅವರು ಆಗಲೇ ಊಟದ ಮನೆಗೆ ಹೋಗಿದ್ದರು. ನಮ್ಮ ಸರದಿ ಬಂದಾಗ ಯಜಮಾನರ ಕೈ ನಡುಗಿ ಹಾಲು ಮಗಳ ಬಳೆಯ ಮೇಲೆ, ಸೀರೆಯ ಮೇಲೆ ಚೆಲ್ಲಿತು. ಅವಳು ತಲೆಯೆತ್ತಿ "ಅಪ್ಪ" ಎಂದಳು. ಫೋಟೋದವನು, "ಸರ್, ಶೇಕ್ ಆಯ್ತು, ಇನ್ನೊಂದ್ ಸಲ," ಎಂದ. ಹಿಂದಿನವರು ಆಗಲೇ ಒತ್ತುತ್ತಿದ್ದರು. ಯಜಮಾನರು ಲೋಟ ಇಟ್ಟು ಕೆಳಗಿಳಿದುಬಿಟ್ಟರು.

ಮೊನ್ನೆ ಆಲ್ಬಂ ಬಂತು. ನಾವಿಬ್ಬರು ಎರೆದದ್ದು ಅದರಲ್ಲಿಲ್ಲ. ಧಾರೆಯ ಪುಟದಲ್ಲಿ ಒಂದು ಕಡೆ ಅಣ್ಣನ ಕೈಯನ್ನಷ್ಟೇ ದೊಡ್ಡದಾಗಿ ಹಾಕಿದ್ದಾರೆ, ಇನ್ನೊಂದು ಕಡೆ ಅವನ ಮುಖ. ಸಿನಿಮಾದಲ್ಲಿ ಮುಖವಾದರೂ ನನ್ನ ಗಂಡನದಿತ್ತು.